ಬೈಲಹೊಂಗಲದ ಹತ್ತಿ, ಜಿನೀವಾದ ತಕ್ಕಡಿ

‘ಅಪ್ಪಾ, ಮಳಿ ಛಲೋ ಆತು, ಬೆಳಿ ಛಲೋ ಬಂತು. ಮತ್ತ ರೇಟ ಯಾಕ ಬಿತ್ತು?’

‘ಮ್ಯಾಲಿಂದನ ಬಿದ್ದೈತಂತ ನೋಡವಾ.’

‘ಮ್ಯಾಲ ಅಂದ್ರ ಎಲ್ಲಿ?’

ದೊಡವಾಡದ ಎರೆಹೊಲದಲ್ಲಿ ಬೆಳೆದ ಹತ್ತಿಯನ್ನು ಹೇರಿಕೊಂಡು ಬೈಲಹೊಂಗಲದ ಪೇಟೆಗೆ ಬಂದ ತಂದೆಗೆ ಕಾಲೇಜಿಗೆ ಹೋಗುವ ಮಗಳು ಇಂಥ ಪ್ರಶ್ನೆ ಹಾಕಿದರೆ ಅವನು ತಬ್ಬಿಬ್ಬಾಗುವುದು ಸಹಜ. ದಲಾಲಿ ಅಂಗಡಿಯವನನ್ನು ಕೇಳಿದರೆ ಅವನು ಹುಬ್ಬಳ್ಳಿಯತ್ತ ಬೆರಳು ತೋರಿಸುತ್ತಾನೆ. ಹುಬ್ಬಳ್ಳಿಯವನು ಮುಂಬಯಿಯತ್ತ, ಮುಂಬಯಿಯವನು ನ್ಯೂಯಾರ್ಕಿನತ್ತ. ಕಬ್ಬು ಬೆಳೆದವನ ಪಾಡೂ ಬೇರೆಯಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕುಳಿತರು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಆಗ ಬೆಂಗಳೂರು ದಿಲ್ಲಿಯ ಕಡೆ ಕೈ ತೋರಿಸಿತು. ದಿಲ್ಲಿಗೂ ಮೇಲೊಂದು ‘ಮ್ಯಾಲೆ’ ಇದೆ ಎಂಬುದು ಅಲ್ಲಿ ಕುಳಿತವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ!

ಆ ‘ಮ್ಯಾಲೆ’ ಇರುವುದು ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದ ಸರೋವರದ ದಂಡೆಯಲ್ಲಿ. ಅದರ ಹೆಸರು ವಿಶ್ವ ವಾಣಿಜ್ಯ ಸಂಸ್ಥೆ. ಪಠ್ಯಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮುಗಿದುಹೋಗುವ ಈ ಸಂಸ್ಥೆ ಈಗ ಬಿಕ್ಕಟ್ಟಿನಲ್ಲಿದೆ. ಅದು ಉಳಿಯಬೇಕೇ? ಉಳಿದರೆ ಹೇಗಿರಬೇಕು? ಅದು ಇಲ್ಲವಾದರೆ ನಮ್ಮ ಹತ್ತಿ, ಕಬ್ಬಿನ ಗತಿ ಏನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮೊದಲು ನಮ್ಮ ಊರಿನ ಚರಿತ್ರೆಯನ್ನೇ ಸ್ವಲ್ಪ ತಿರುವಿ ನೋಡಬೇಕು.

ಕಾಯಿದೆ ಇಲ್ಲದ ವ್ಯಾಪಾರ

ಜಾಗತಿಕ ವ್ಯಾಪಾರವೆಂದರೆ ಮೊನ್ನೆ ಮೊನ್ನೆ ಬಂದದ್ದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಬೈಲಹೊಂಗಲದಲ್ಲಿ ಕಿತ್ತೂರು ರಾಣಿ ಚನ್ನಮ್ಮನ ಸಮಾಧಿ ಇದೆ. 1824ರಲ್ಲಿ ಆಕೆ ಎದುರಿಸಿದ್ದು ಯಾವುದೋ ರಾಜನ ದಂಡನ್ನಲ್ಲ, ಲಂಡನ್ನಿನ ಒಂದು ವ್ಯಾಪಾರಿ ಕಂಪನಿಯ ದಂಡನ್ನು. ಮೆಣಸು, ಬಟ್ಟೆ ಕೊಳ್ಳಲು ಬಂದವರು ಕಡೆಗೆ ಕಪ್ಪ ಕೇಳಿದರು, ದತ್ತು ಮಗುವಿನ ಹಕ್ಕನ್ನು ತಾವೇ ತೀರ್ಮಾನಿಸಹೊರಟರು. ವ್ಯಾಪಾರಕ್ಕೆ ಯಾವ ಅಂಕೆಯೂ ಇಲ್ಲದಿದ್ದರೆ ಬಲಿಷ್ಠನ ತಕ್ಕಡಿಯೇ ಕಾಯಿದೆಯಾಗುತ್ತದೆ. ಈ ಪಾಠವನ್ನು ಕಿತ್ತೂರು ನಾಡು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಹತ್ತಿಯ ಕಥೆ ಇನ್ನೂ ಸ್ವಾರಸ್ಯಕರ. ಧಾರವಾಡ ಸೀಮೆಯ ಹತ್ತಿ ಆ ಕಾಲದಲ್ಲಿ ಎತ್ತುಗಳ ಬೆನ್ನೇರಿ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಲಿವರ್‌ಪೂಲ್. ಬೆಳೆದದ್ದು ನಮ್ಮ ಎರೆಭೂಮಿಯಲ್ಲಾದರೂ ಇಂಗ್ಲೆಂಡಿನ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಯ ಹತ್ತಿ ಬರುವುದು ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಹಸಿದು ಕುಳಿತವು. ಭಾರತದ ಹತ್ತಿಗೆ ಚಿನ್ನದ ಬೆಲೆ ಬಂತು. ಧಾರವಾಡದ ಹತ್ತಿಗೆ ಹತ್ತಿರದ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯಿಸಿದ ಫಲವಾಗಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಹತ್ತಿಗಾಗಿ ಒಂದು ಜಿಲ್ಲೆಯ ಪ್ರಾಂತವೇ ಬದಲಾಯಿತು ಎಂದರೆ ಆಶ್ಚರ್ಯವಲ್ಲವೆ?

1865ರಲ್ಲಿ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಲಿವರ್‌ಪೂಲಿಗೆ ಬರತೊಡಗಿತು. ಇಲ್ಲಿ ಬೆಲೆ ಕುಸಿಯಿತು. ಮುಂಬಯಿಯ ಬ್ಯಾಂಕುಗಳು ದಿವಾಳಿಯೆದ್ದವು. ನಮ್ಮ ಮಗಳು ಕೇಳಿದ ‘ರೇಟ ಯಾಕ ಬಿತ್ತು?’ ಎಂಬ ಪ್ರಶ್ನೆ ಆಗಲೂ ಕೇಳಿರಬೇಕು. ಆಗ ಅದಕ್ಕೆ ಉತ್ತರ ಕೊಡುವ, ದೂರು ತೆಗೆದುಕೊಳ್ಳುವ ಯಾವ ಕಚೇರಿಯೂ ಭೂಮಿಯ ಮೇಲಿರಲಿಲ್ಲ.

ಯುದ್ಧದ ಬೂದಿಯಿಂದ ಎದ್ದ ಸಂಸ್ಥೆಗಳು

ಅಂಥ ಕಚೇರಿ ಬೇಕೆಂಬ ಬುದ್ಧಿ ಬಂದದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. 1930ರಲ್ಲಿ ಅಮೆರಿಕ ತನ್ನ ಆಮದು ಸುಂಕವನ್ನು ವಿಪರೀತ ಏರಿಸಿತು. ಉಳಿದ ದೇಶಗಳು ತಾವೇನು ಕಡಿಮೆ ಎಂದು ತಮ್ಮ ಸುಂಕ ಏರಿಸಿದವು. ಜಗತ್ತಿನ ವ್ಯಾಪಾರ ಕುಸಿಯಿತು, ಕೆಲಸಗಳು ಹೋದವು, ಆ ಹತಾಶೆಯ ನೆಲದಲ್ಲಿ ಸರ್ವಾಧಿಕಾರಿಗಳು ಬೆಳೆದರು. ಈ ತಪ್ಪು ಮರುಕಳಿಸಬಾರದೆಂದು 1944ರಲ್ಲಿ ಅಮೆರಿಕದ ಬ್ರೆಟನ್‌ವುಡ್ಸ್‌ನಲ್ಲಿ ಸೇರಿದ ದೇಶಗಳು ವಿಶ್ವ ಬ್ಯಾಂಕು ಹಾಗೂ ಅಂತರರಾಷ್ಟ್ರೀಯ ಹಣಕಾಸು ನಿಧಿಗಳಿಗೆ ಅಡಿಪಾಯ ಹಾಕಿದವು. ವ್ಯಾಪಾರಕ್ಕಾಗಿ ಮೂರನೆಯ ಸಂಸ್ಥೆಯೊಂದನ್ನು ಕಟ್ಟಲು 1948ರಲ್ಲಿ ಹವಾನಾದಲ್ಲಿ ಸನದು ತಯಾರಾಯಿತು. ಆದರೆ ಅಮೆರಿಕದ ಸಂಸತ್ತು ಅದನ್ನು ಒಪ್ಪಲಿಲ್ಲ. ಮೂರನೆಯ ಕಾಲಿಲ್ಲದೆ ಮುಕ್ಕಾಲಿ ನಿಂತಂತಾಯಿತು.

ಆ ಕೊರತೆಯನ್ನು ತಾತ್ಕಾಲಿಕವಾಗಿ ತುಂಬಿದ್ದು ‘ಗ್ಯಾಟ್’ ಎಂಬ ಒಪ್ಪಂದ. 1947ರ ಅಕ್ಟೋಬರ್ 30ರಂದು 23 ದೇಶಗಳು ಅದಕ್ಕೆ ಸಹಿ ಹಾಕಿದವು. ಸ್ವಾತಂತ್ರ್ಯ ಬಂದು ಎರಡೂವರೆ ತಿಂಗಳಾಗಿದ್ದ ಭಾರತವೂ ಅವುಗಳಲ್ಲಿ ಒಂದು. ತಾತ್ಕಾಲಿಕವೆಂದು ಬಂದದ್ದು 47 ವರ್ಷ ಉಳಿಯಿತು! 1986ರಲ್ಲಿ ಆರಂಭವಾದ ಉರುಗ್ವೆ ಸುತ್ತಿನ ಮಾತುಕತೆ 1994ರ ಏಪ್ರಿಲ್ 15ರಂದು ಮೊರಾಕ್ಕೊದ ಮರ್ರಾಕೇಶ್‌ನಲ್ಲಿ ಸಹಿಯೊಂದಿಗೆ ಮುಗಿದು, 1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂತು. 2024ರ ಹೊತ್ತಿಗೆ ಅದರ ಸದಸ್ಯರ ಸಂಖ್ಯೆ 166ಕ್ಕೆ ಏರಿತು.

ಈ ಮೂರು ಸಂಸ್ಥೆಗಳ ನಡುವಣ ಒಂದು ಮುಖ್ಯ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತಲ್ಲ, ಅಲ್ಲಿ ನೂರು ಎಕರೆಯ ಗೌಡನಿಗೂ ಒಂದೇ ಮತ, ಎರಡು ಎಕರೆಯ ಬಡವನಿಗೂ ಒಂದೇ ಮತ. ಖಾಸಗಿ ಕಂಪನಿಯಲ್ಲಿ ಹಾಗಲ್ಲ, ಹೆಚ್ಚು ಷೇರು ಇದ್ದವನದೇ ಹೆಚ್ಚು ಮಾತು. ಹಣಕಾಸು ನಿಧಿ ಕಂಪನಿಯಿದ್ದಂತೆ. ಅಲ್ಲಿ ಅಮೆರಿಕ ಒಂದರದೇ ಶೇ. 16ಕ್ಕೂ ಹೆಚ್ಚು ಮತ. ಪ್ರಮುಖ ನಿರ್ಣಯಗಳಿಗೆ ಶೇ. 85 ಮತ ಬೇಕಾದ್ದರಿಂದ ಅದು ಒಲ್ಲೆನೆಂದರೆ ಕೆಲಸ ನಿಂತಂತೆಯೇ. ವಾಣಿಜ್ಯ ಸಂಸ್ಥೆ ಸಹಕಾರ ಸಂಘವಿದ್ದಂತೆ. ಬೆನಿನ್‌ನಂಥ ಬಡ ದೇಶಕ್ಕೂ ಅಮೆರಿಕಕ್ಕೂ ಒಂದೇ ಮತ. ಅಷ್ಟೇ ಅಲ್ಲ, ರೂಢಿಯಲ್ಲಿ ಮತಕ್ಕೆ ಹಾಕುವುದೇ ಇಲ್ಲ, ಎಲ್ಲರೂ ಒಪ್ಪಿದರೆ ಮಾತ್ರ ನಿರ್ಣಯ. ಇದೇ ಅದರ ಹಿರಿಮೆ. ಇದೇ ಅದರ ಬಾಧೆಯೂ ಹೌದು. ನೂರಾ ಅರವತ್ತಾರು ಮಂದಿಯ ಪಂಚಾಯಿತಿಯಲ್ಲಿ ಒಬ್ಬ ಎದ್ದು ‘ಆಗೂದಿಲ್ಲ’ ಎಂದರೆ ಠರಾವು ಬಿದ್ದಹಾಗೆಯೆ.

ಡಂಕೆಲ್ ಎಂಬ ಹೆಸರು

ಇಂದಿನ ಪಾಲಕರು ವಿದ್ಯಾರ್ಥಿಗಳಾಗಿದ್ದಾಗ ‘ಡಂಕೆಲ್’ ಎಂಬ ಹೆಸರು ಕರ್ನಾಟಕದ ಹಳ್ಳಿ ಹಳ್ಳಿಗಳ ಗೋಡೆಯ ಮೇಲೆ ಕಾಣುತ್ತಿತ್ತು. ಆರ್ಥರ್ ಡಂಕೆಲ್ ಗ್ಯಾಟ್‌ನ ಮಹಾನಿರ್ದೇಶಕರು. 1991ರ ಡಿಸೆಂಬರಿನಲ್ಲಿ ಅವರು ಮುಂದಿಟ್ಟ ಕರಡಿನಲ್ಲಿ ಕೃಷಿ ಸಬ್ಸಿಡಿ ಮತ್ತು ಬೀಜದ ಹಕ್ಕುಗಳ ಮಾತು ಬಂದದ್ದೇ ರೈತರು ಕೆರಳಲು ಕಾರಣವಾಯಿತು.

ಈ ಸಿಟ್ಟಿಗೆ ನಮ್ಮ ಭಾಗದಲ್ಲಿ ಹಳೆಯ ಬೇರಿತ್ತು. 1972ರಲ್ಲಿ ಧಾರವಾಡದ ತಳಿವಿಜ್ಞಾನಿ ಡಾ. ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. ಅದೇ ಸುಮಾರಿಗೆ ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಪೂರ್ಣಗೊಂಡು ಕಾಲುವೆಗೆ ನೀರು ಬಂತು. ಉದ್ದ ಎಳೆಯ ವರಲಕ್ಷ್ಮಿ ಮೊದಲಿಗೆ ರೈತನ ಮನೆಗೆ ಲಕ್ಷ್ಮಿಯನ್ನೇ ತಂದಳು. ಎಲ್ಲರೂ ಅದನ್ನೇ ಬೆಳೆದರು, ಸಾಲ ಮಾಡಿ ಗೊಬ್ಬರ, ಔಷಧಿ ಹಾಕಿದರು. ಆ ದಶಕದ ಕೊನೆಯಲ್ಲಿ ಬೆಲೆ ನೆಲಕಚ್ಚಿತು. ಅದೇ ಹೊತ್ತಿಗೆ ಸರಕಾರ ಅಭಿವೃದ್ಧಿ ಕರದ ನೋಟೀಸು ಕಳಿಸಿತು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಬಂಡಾಯವೆದ್ದು ಗುಂಡು ಹಾರಿತು. ಆ ಕಿಡಿಯಿಂದಲೇ ಕರ್ನಾಟಕ ರಾಜ್ಯ ರೈತ ಸಂಘ ಬಲಗೊಂಡಿತು.

1992ರ ಡಿಸೆಂಬರ್ 29ರಂದು ಆ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ತಂದು ಸುಟ್ಟರು. ಮರುವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಬೀಜ ಘಟಕ ಉರುಳಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಹೆಸರು ದೇಶದಾಚೆಗೂ ಕೇಳಿಬಂತು. ಈ ದಾರಿಯನ್ನು ಒಪ್ಪದವರೂ ಇದ್ದರು. ಕೃಷಿಕನ ಮಾಲಿಗೆ ವಿದೇಶಿ ಪೇಟೆ ತೆರೆಯಲಿ ಎಂದು ಮಹಾರಾಷ್ಟ್ರದ ಶರದ್ ಜೋಶಿಯವರು ಡಂಕೆಲ್ ಕರಡನ್ನು ಬೆಂಬಲಿಸಿದ್ದರು. ಎರಡೂ ಕಡೆ ನಿಂತವರು ರೈತ ನಾಯಕರೇ ಎಂಬುದು ಇಲ್ಲಿ ಗಮನಾರ್ಹ.

ಯಾರ ಭಯ ನಿಜವಾಯಿತು? ಇಬ್ಬರದೂ ಅರ್ಧರ್ಧ. ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ರೈತನ ಹಕ್ಕನ್ನು 2001ರಲ್ಲಿ ನಮ್ಮ ಸಂಸತ್ತು ಕಾಯಿದೆ ಮಾಡಿ ಉಳಿಸಿತು. ಜಿನೀವಾದ ನಿಯಮದಲ್ಲಿಯೇ ಅದಕ್ಕೆ ಜಾಗವಿತ್ತು. ಹೋರಾಟದ ಕೂಗಿಲ್ಲದಿದ್ದರೆ ಆ ಜಾಗವನ್ನು ನಾವು ಬಳಸಿಕೊಳ್ಳುತ್ತಿದ್ದೆವೋ ಇಲ್ಲವೋ! ಆದರೆ 2002ರಲ್ಲಿ ಬಿಟಿ ಹತ್ತಿಗೆ ಪರವಾನಿಗೆ ಸಿಕ್ಕ ಮೇಲೆ ರೈತ ತಾನಾಗಿಯೇ ವರ್ಷವರ್ಷವೂ ಅಂಗಡಿಯ ಪಾಕೀಟಿಗೆ ಹೋಗಬೇಕಾಯಿತು. ಹೈಬ್ರಿಡ್ ಬೆಳೆಯಿಂದ ತೆಗೆದ ಬೀಜ ಮರುವರ್ಷ ಮೊದಲಿನಂತೆ ಫಲ ಕೊಡುವುದಿಲ್ಲವಲ್ಲ. ಹಕ್ಕು ಕಾಗದದಲ್ಲಿ ಉಳಿಯಿತು, ಹಗೇವಿನಲ್ಲಿ ಉಳಿಯಲಿಲ್ಲ.

ಬ್ರೆಜಿಲ್ ಗೆದ್ದ ಹತ್ತಿಯ ವ್ಯಾಜ್ಯ

ಈ ಸಂಸ್ಥೆ ಬರೇ ಬಲಿಷ್ಠರ ಕೈಗೊಂಬೆಯೆ? ಹಾಗೆನ್ನುವ ಮೊದಲು ಒಂದು ಪ್ರಕರಣ ನೋಡೋಣ.

2002ರ ಸುಮಾರಿಗೆ ಅಮೆರಿಕದಲ್ಲಿ ಹತ್ತಿ ಬೆಳೆಯುವವರು ಸುಮಾರು 25 ಸಾವಿರ ಜನ ಇದ್ದರು. ಅವರಿಗೆ ಅಲ್ಲಿಯ ಸರಕಾರ ಕೊಡುತ್ತಿದ್ದ ಸಹಾಯಧನದ ಮೊತ್ತ ಕೆಲ ವರ್ಷಗಳಲ್ಲಿ ನೂರಾರು ಕೋಟಿ ಡಾಲರಿಗೆ ಏರುತ್ತಿತ್ತು. ಬೆಲೆ ಬಿದ್ದರೂ ಅವರಿಗೆ ನಷ್ಟವಿಲ್ಲ. ಆದ್ದರಿಂದ ಅವರು ಬೆಳೆಯುವುದನ್ನು ಕಡಿಮೆ ಮಾಡಲಿಲ್ಲ, ಅಗ್ಗದ ಹತ್ತಿ ಜಗತ್ತಿನ ಪೇಟೆಗೆ ಹರಿಯಿತು. ಅದರಿಂದ ಬಿದ್ದ ಬೆಲೆಯ ಪೆಟ್ಟು ತಿಂದವರು ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಎಂಬ ಆಫ್ರಿಕದ ನಾಲ್ಕು ಬಡ ದೇಶಗಳ ಬೆಳೆಗಾರರು. ಬೈಲಹೊಂಗಲದ ಪೇಟೆಯೂ ಆ ಗಾಳಿಯಿಂದ ದೂರವಿರಲು ಸಾಧ್ಯವಿರಲಿಲ್ಲ.

2002ರಲ್ಲಿ ಬ್ರೆಜಿಲ್ ಜಿನೀವಾಕ್ಕೆ ಹೋಗಿ ದೂರು ಕೊಟ್ಟಿತು. 2004ರಲ್ಲಿ ಮಂಡಳಿಯ ತೀರ್ಪು ಅದರ ಪರ ಬಂತು. ಅಮೆರಿಕ ಮೇಲ್ಮನವಿ ಹಾಕಿ 2005ರ ಮಾರ್ಚಿನಲ್ಲಿ ಅಲ್ಲಿಯೂ ಸೋತಿತು. ಹಾಗೆಂದು ಜಗತ್ತಿನ ದೊಡ್ಡಣ್ಣ ತಕ್ಷಣ ತಲೆಬಾಗಲಿಲ್ಲ. ಆದರೆ ಅಮೆರಿಕದ ಮಾಲಿನ ಮೇಲೆ ಪ್ರತಿಸುಂಕ ಹಾಕುವ ಹಕ್ಕನ್ನು ಸಂಸ್ಥೆ ಬ್ರೆಜಿಲ್‌ಗೆ ಕೊಟ್ಟಾಗ ರಾಜಿಗೆ ಬರಲೇಬೇಕಾಯಿತು. 2010ರಿಂದ ವರ್ಷಕ್ಕೆ 14.73 ಕೋಟಿ ಡಾಲರಿನಂತೆ ಬ್ರೆಜಿಲಿನ ಹತ್ತಿ ಬೆಳೆಗಾರರ ನಿಧಿಗೆ ಹಣ ಕೊಡಲು ಅಮೆರಿಕ ಒಪ್ಪಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು.

ಈ ಕಥೆಯಲ್ಲಿ ಎರಡು ನೀತಿಗಳಿವೆ. ಕಾಯಿದೆ ಇದ್ದರೆ ದೊಡ್ಡವರನ್ನೂ ಕಟಕಟೆಗೆ ತರಬಹುದು, ಇದು ಮೊದಲನೆಯದು. ಪರಿಹಾರ ಸಿಕ್ಕದ್ದು ವಕೀಲರಿಗೆ ಹಣ ಸುರಿಯಬಲ್ಲ, ಸುಂಕದಿಂದ ಚುಚ್ಚಬಲ್ಲ ಬ್ರೆಜಿಲ್‌ಗೆ. ಕೈಯಲ್ಲಿ ಆ ಚಾಟಿಯಿಲ್ಲದ ಮಾಲಿ, ಚಾಡ್‌ಗಳಿಗೆ ಅಂಥ ಪರಿಹಾರ ಸಿಗಲಿಲ್ಲ. ಇದು ಎರಡನೆಯದು.

ಕಟಕಟೆಯಲ್ಲಿ ನಮ್ಮ ಕಬ್ಬು

ಅದೇ ಬ್ರೆಜಿಲ್ 2019ರಲ್ಲಿ ಮತ್ತೆ ಜಿನೀವಾಕ್ಕೆ ಹೋಯಿತು. ಈ ಸಲ ಆರೋಪಿ ನಾವು! ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳೂ ಜೊತೆಗೂಡಿದವು. ಭಾರತ ತನ್ನ ಕಬ್ಬು ಬೆಳೆಗಾರರಿಗೆ ಮಿತಿ ಮೀರಿ ಬೆಂಬಲ ಕೊಡುತ್ತಿದೆ, ಸಕ್ಕರೆ ರಫ್ತಿಗೆ ಸಬ್ಸಿಡಿ ಕೊಟ್ಟು ಜಗತ್ತಿನ ಬೆಲೆ ಕೆಡಿಸುತ್ತಿದೆ ಎಂಬುದು ದೂರು.

ಇದರಲ್ಲೊಂದು ವಿಚಿತ್ರವೂ ಇದೆ. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಮೊದಲ ಕಾರ್ಖಾನೆ ಹಾಕಿ ಬೆಳೆದ ಶ್ರೀ ರೇಣುಕಾ ಶುಗರ್ಸ್ ಕಂಪನಿ 2010ರ ಹೊತ್ತಿಗೆ ಬ್ರೆಜಿಲಿಗೇ ಹೋಗಿ ಅಲ್ಲಿಯ ಸಕ್ಕರೆ ಕಾರ್ಖಾನೆಗಳನ್ನು ಕೊಂಡಿತ್ತು. ಸಕ್ಕರೆಯ ಬೆಲೆ ಕುಸಿದ ಮೇಲೆ ಅಲ್ಲಿಯ ಘಟಕ 2015ರಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. 2018ರಲ್ಲಿ ಸಿಂಗಪುರದ ವಿಲ್ಮರ್ ಕಂಪನಿ ರೇಣುಕಾದ ಬಹುಪಾಲು ಒಡೆತನ ಪಡೆಯಿತು. ಅಂದರೆ ಮಲಪ್ರಭೆಯ ದಂಡೆಯ ಕಬ್ಬು, ಬ್ರೆಜಿಲಿನ ಕಬ್ಬು, ಸಿಂಗಪುರದ ಬಂಡವಾಳ ಒಂದೇ ಗಾಣದಲ್ಲಿ ಸಿಕ್ಕಿಕೊಂಡಿವೆ. ‘ನಮಗ್ಯಾಕ್ರಿ ಹೊರದೇಶದ ಉಸಾಬರಿ?’ ಎನ್ನುವ ಕಾಲ ಎಂದೋ ಮುಗಿಯಿತು.

ವ್ಯಾಜ್ಯಕ್ಕೆ ಬರೋಣ. ಸಂಸ್ಥೆಯ ಕೃಷಿ ಒಪ್ಪಂದದ ಪ್ರಕಾರ ನಮ್ಮಂಥ ದೇಶ ಒಂದು ಬೆಳೆಗೆ ಕೊಡುವ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ಶೇ. 10ನ್ನು ಮೀರಬಾರದು. ಕೇಳಲು ನ್ಯಾಯವಾಗಿಯೇ ಇದೆ. ತೊಡಕಿರುವುದು ಲೆಕ್ಕ ಹಾಕುವ ರೀತಿಯಲ್ಲಿ. ಸರಕಾರ ಗೊತ್ತುಪಡಿಸಿದ ಬೆಲೆಯನ್ನು ಇಂದಿನ ಪೇಟೆ ಬೆಲೆಗೆ ಹೋಲಿಸುವುದಿಲ್ಲ, 1986ರಿಂದ 88ರವರೆಗಿನ ಹೊರಪೇಟೆಯ ಬೆಲೆಗೆ ಹೋಲಿಸುತ್ತಾರೆ! ಊಹೆಯ ಅಂಕಿಯಲ್ಲಿ ಹೇಳುವುದಾದರೆ, ಆಗಿನ ಬೆಲೆ ನೂರು ರೂಪಾಯಿ, ಈಗ ಗೊತ್ತುಪಡಿಸಿದ್ದು ಮುನ್ನೂರು ಎನ್ನಿ. ನಡುವಣ ಇನ್ನೂರೂ ‘ಬೆಂಬಲ’ ಎಂದಾಗುತ್ತದೆ. ಅಂದಿನಿಂದ ಇಂದಿನವರೆಗೆ ಡೀಸೆಲ್ಲು, ಗೊಬ್ಬರ, ಆಳಿನ ಕೂಲಿ ಎಷ್ಟು ಪಟ್ಟು ಏರಿತೆಂಬುದು ಈ ಲೆಕ್ಕಕ್ಕೆ ಬೇಕಾಗಿಲ್ಲ. ಈ ರೀತಿ ಎಣಿಸಿದರೆ ಹತ್ತರ ಗೆರೆ ದಾಟದೆ ಬೇರೆ ದಾರಿಯಿಲ್ಲ.

ಕಬ್ಬಿಗೆ ಕೇಂದ್ರ ಗೊತ್ತುಪಡಿಸುವ ನ್ಯಾಯಸಮ್ಮತ ದರ 2014–15ರಲ್ಲಿ ಕ್ವಿಂಟಲಿಗೆ 220 ರೂಪಾಯಿ ಇತ್ತು, 2018–19ರಲ್ಲಿ 275. ಈ ಹಣವನ್ನು ಕೊಡುವುದು ಸರಕಾರವಲ್ಲ, ಕಾರ್ಖಾನೆ. ಆದ್ದರಿಂದ ಇದು ಸರಕಾರಿ ಬೆಂಬಲವೇ ಅಲ್ಲ ಎಂದು ಭಾರತ ವಾದಿಸಿತು. ಮಂಡಳಿ ಒಪ್ಪಲಿಲ್ಲ. 2021ರ ಡಿಸೆಂಬರ್ 14ರಂದು ಹೊರಬಿದ್ದ ವರದಿ ಆ ಐದೂ ಹಂಗಾಮುಗಳಲ್ಲಿ ಭಾರತ ಮಿತಿ ಮೀರಿದೆ, ರಫ್ತಿಗೆ ಕೊಟ್ಟ ನೆರವೂ ನಿಯಮಬಾಹಿರ ಎಂದು ಹೇಳಿತು.

ಹತ್ತಿಯೂ ಪಾರಾಗಿಲ್ಲ. ಹತ್ತಿಯ ಬೆಂಬಲ ಬೆಲೆಯ ಲೆಕ್ಕವನ್ನು ಭಾರತ ಕಡಿಮೆ ತೋರಿಸುತ್ತಿದೆ ಎಂದು 2018ರ ನವೆಂಬರಿನಲ್ಲಿ ಅಮೆರಿಕ ಜಿನೀವಾದಲ್ಲಿ ಆಕ್ಷೇಪ ಸಲ್ಲಿಸಿತು. ತಾನೇ ಬ್ರೆಜಿಲ್‌ಗೆ ದಂಡ ತೆತ್ತು ನಾಲ್ಕು ವರ್ಷವಾಗಿತ್ತಷ್ಟೆ! ಆಹಾರ ಧಾನ್ಯಗಳಿಗೆ 2013ರ ಬಾಲಿ ಸಮಾವೇಶದಲ್ಲಿ ‘ಶಾಂತಿ ಕಲಮು’ ಎಂಬ ರಕ್ಷಣೆ ದೊರೆತಿದೆ. ಸರಕಾರ ದಾಸ್ತಾನಿಗೆಂದು ಕೊಳ್ಳುವ ಭತ್ತ, ಗೋಧಿಗಳ ವಿಷಯದಲ್ಲಿ ಮಿತಿ ಮೀರಿದರೂ ವ್ಯಾಜ್ಯ ಹೂಡುವಂತಿಲ್ಲ. ಹತ್ತಿ, ಕಬ್ಬು ಆಹಾರ ಧಾನ್ಯಗಳಲ್ಲ. ಅವಕ್ಕೆ ಆ ಕೊಡೆಯಿಲ್ಲ.

ನ್ಯಾಯಾಧೀಶರಿಲ್ಲದ ನ್ಯಾಯಾಲಯ

ಹಾಗಾದರೆ ನಮ್ಮ ಕಬ್ಬಿನ ದರ ನಿಂತುಹೋಯಿತೆ? ಇಲ್ಲ. ಅದಕ್ಕೆ ಕಾರಣವೇ ಇಂದಿನ ಬಿಕ್ಕಟ್ಟಿನ ತಿರುಳು.

ವಾಣಿಜ್ಯ ಸಂಸ್ಥೆಯಲ್ಲಿ ವ್ಯಾಜ್ಯ ಮೊದಲು ಮಂಡಳಿಯ ಮುಂದೆ ಬರುತ್ತದೆ. ಅದರ ಮೇಲೆ ಏಳು ಸದಸ್ಯರ ಮೇಲ್ಮನವಿ ಪೀಠ. ಜಗತ್ತಿನ ವ್ಯಾಪಾರದ ಸುಪ್ರೀಂ ಕೋರ್ಟ್ ಎಂದೇ ಅದನ್ನು ಕರೆಯುತ್ತಿದ್ದರು. ಈ ಪೀಠ ತನ್ನ ಅಧಿಕಾರ ಮೀರುತ್ತಿದೆ ಎಂದು ಅಮೆರಿಕ ತಕರಾರು ತೆಗೆಯಿತು. ನಿವೃತ್ತರಾದವರ ಜಾಗಕ್ಕೆ ಹೊಸಬರನ್ನು ನೇಮಿಸಲು ಸಮ್ಮತಿ ಕೊಡಲಿಲ್ಲ. ಎಲ್ಲರೂ ಒಪ್ಪಬೇಕೆಂಬ ಪದ್ಧತಿಯಲ್ಲಿ ಒಬ್ಬರ ಹಟವೇ ಸಾಕಲ್ಲ! ಅಧ್ಯಕ್ಷರು ಬದಲಾದರೂ ಹಟ ಬದಲಾಗಲಿಲ್ಲ. 2019ರ ಡಿಸೆಂಬರಿನಲ್ಲಿ ಇಬ್ಬರು ಸದಸ್ಯರ ಅವಧಿ ಮುಗಿದು ಪೀಠ ಕೆಲಸ ನಿಲ್ಲಿಸಿತು. ಆ ಇಬ್ಬರಲ್ಲಿ ಒಬ್ಬರು ಭಾರತದ ಉಜಲ್ ಸಿಂಗ್ ಭಾಟಿಯಾ. 2020ರ ನವೆಂಬರಿನಲ್ಲಿ ಕೊನೆಯ ಸದಸ್ಯೆಯೂ ಹೊರಟರು. ಕುರ್ಚಿಗಳು ಖಾಲಿಯಾದವು.

2022ರ ಜನವರಿಯಲ್ಲಿ ಭಾರತ ಕಬ್ಬಿನ ತೀರ್ಪಿನ ವಿರುದ್ಧ ಈ ಖಾಲಿ ಕುರ್ಚಿಗಳಿಗೇ ಮೇಲ್ಮನವಿ ಸಲ್ಲಿಸಿತು. ಕೇಳುವವರಿಲ್ಲ, ಆದ್ದರಿಂದ ತೀರ್ಪು ಜಾರಿಯಾಗುವಂತಿಲ್ಲ. ಕಬ್ಬಿನ ದರ ಉಳಿಯಿತು. ನಿಟ್ಟುಸಿರು ಬಿಡೋಣವೆ?

ತಾಳಿ. ಊರಿನ ಕೋರ್ಟು ಮುಚ್ಚಿತೆಂದು ಸಾಲಗಾರನೊಬ್ಬ ಖುಷಿಪಟ್ಟನಂತೆ. ಮರುದಿನ ಅವನ ಹೊಲದ ಬದುವನ್ನು ಪಕ್ಕದವ ಒತ್ತಿದಾಗ ಹೋಗಲು ಕೋರ್ಟಿರಲಿಲ್ಲ! ನಮ್ಮ ಸ್ಥಿತಿಯೂ ಹಾಗಾಯಿತು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಮೊದಲು ಶೇ. 25, ತಿಂಗಳ ಕೊನೆಗೆ ಇನ್ನೂ ಶೇ. 25 ಸುಂಕ ಹೇರಿತು. ಸಿದ್ಧ ಉಡುಪಿನ ಕಾರ್ಖಾನೆಗಳು ಕಂಗಾಲಾದವು. ಅವಕ್ಕೆ ಅಗ್ಗದ ಕಚ್ಚಾಮಾಲು ಸಿಗಲೆಂದು ನಮ್ಮ ಸರಕಾರ ಆಗಸ್ಟ್ 19ರಿಂದ ಹತ್ತಿಯ ಮೇಲಿನ ಶೇ. 11 ಆಮದು ಸುಂಕವನ್ನು ತೆಗೆಯಿತು. ಮೊದಲು ಸೆಪ್ಟೆಂಬರ್ ಅಂತ್ಯದವರೆಗೆ ಎಂದದ್ದು ಡಿಸೆಂಬರ್ ಅಂತ್ಯದವರೆಗೆ ಬೆಳೆಯಿತು. ಹೊಸ ಹತ್ತಿ ಪೇಟೆಗೆ ಬರುವ ತಿಂಗಳುಗಳು ಅವೇ. ಉದ್ದ ಎಳೆಯ ಹತ್ತಿಗೆ ಆ ವರ್ಷ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಸುಂಕದ ಒಡ್ಡು ಒಡೆದ ಪೇಟೆಯಲ್ಲಿ ಆ ಬೆಲೆ ನಿಂತೀತೆ ಎಂದು ರೈತ ಸಂಘಟನೆಗಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ವಾಷಿಂಗ್ಟನ್ನಿನಲ್ಲಿ ಉಡುಪಿನ ಮೇಲೆ ಬಿದ್ದ ಏಟಿಗೆ ನೋವಾದದ್ದು ಎರೆಭೂಮಿಯಲ್ಲಿ! ಮಗಳು ಕೇಳಿದ ‘ಮ್ಯಾಲೆ’ ಎಂದರೆ ಇದೇ.

ಮುಂದೇನು?

ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಈ ಸಂಸ್ಥೆಗಳ ಪಾತ್ರ ಹೇಗಿರಬಹುದು? ಮೂರು ದಾರಿಗಳು ಕಾಣುತ್ತವೆ.

ಮೊದಲನೆಯದು ಈಗಿನ ಹಾಗೆಯೇ ಕುಂಟುತ್ತ ಸಾಗುವುದು. ಕಚೇರಿ ಇರುತ್ತದೆ, ಸಭೆ ನಡೆಯುತ್ತವೆ, ನಿಜವಾದ ತೀರ್ಮಾನಗಳು ಎರಡೆರಡು ದೇಶಗಳ ನಡುವಣ ಒಪ್ಪಂದಗಳಲ್ಲಿ ಆಗುತ್ತವೆ. ಇದರಲ್ಲಿ ದೊಡ್ಡ ಪೇಟೆ ಇರುವವನಿಗೇ ಲಾಭ. ದಲಾಲಿ ಅಂಗಡಿಯ ಒಳಕೋಣೆಯಲ್ಲಿ ಒಬ್ಬಂಟಿ ರೈತ ಚೌಕಾಸಿ ಮಾಡುವುದಕ್ಕೂ, ಬಯಲಿನಲ್ಲಿ ಎಲ್ಲರೆದುರು ಸವಾಲು ಕೂಗುವುದಕ್ಕೂ ಇರುವ ವ್ಯತ್ಯಾಸ ಬೈಲಹೊಂಗಲದವರಿಗೆ ಹೇಳಬೇಕಾಗಿಲ್ಲ.

ಎರಡನೆಯದು ಮನಸ್ಸಿದ್ದವರು ಕೂಡಿ ಮುಂದೆ ಹೋಗುವುದು. ಐರೋಪ್ಯ ಒಕ್ಕೂಟ, ಚೀನಾ, ಬ್ರೆಜಿಲ್, ಆಸ್ಟ್ರೇಲಿಯಾ ಮುಂತಾದವು 2020ರಲ್ಲಿ ತಮ್ಮಷ್ಟಕ್ಕೆ ಬದಲಿ ಮೇಲ್ಮನವಿ ವ್ಯವಸ್ಥೆಯೊಂದನ್ನು ಮಾಡಿಕೊಂಡವು. ಭಾರತ ಅದಕ್ಕೆ ಸೇರಲಿಲ್ಲ. ಬಂಡವಾಳ ಹೂಡಿಕೆಯ ಬಗೆಗೆ ಹಲವು ದೇಶಗಳು ಸೇರಿ ಮಾಡಿದ ಒಪ್ಪಂದವನ್ನು ಸಂಸ್ಥೆಯ ಕಾಯಿದೆಯಾಗಿಸಲು 2024ರ ಅಬುಧಾಬಿ ಸಮಾವೇಶದಲ್ಲಿ ಭಾರತ ಒಪ್ಪಲಿಲ್ಲ. ಎಲ್ಲರ ಮಾತಿಗೂ ಬೆಲೆ ಇರಬೇಕೆಂಬುದು ನಮ್ಮ ನಿಲುವು. ಅದು ಸರಿಯಾದದ್ದೇ. ಆದರೆ ಗುಂಪಿನ ಹೊರಗೆ ನಿಂತವನಿಗೆ ಒಳಗಿನ ನಿಯಮ ಬರೆಯುವಾಗ ಮಾತಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಮೂರನೆಯದು ಕಷ್ಟದ ದಾರಿ. ಸಂಸ್ಥೆಯನ್ನು ರಿಪೇರಿ ಮಾಡುವುದು. ಮೇಲ್ಮನವಿ ಪೀಠಕ್ಕೆ ಜೀವ ಬರಬೇಕು. 2024ರೊಳಗೆ ವ್ಯಾಜ್ಯ ವ್ಯವಸ್ಥೆಯನ್ನು ಸರಿಪಡಿಸುವುದಾಗಿ 2022ರಲ್ಲಿ ಸದಸ್ಯರೆಲ್ಲ ಮಾತು ಕೊಟ್ಟಿದ್ದರು, ಅದು ಈಡೇರಲಿಲ್ಲ. 1986ರ ಬೆಲೆಯ ಹಳೆಯ ಸೇರು ತೆಗೆದು ಇಂದಿನ ಅಳತೆ ತರಬೇಕು. ಹೊಸ ವಿಷಯಗಳೂ ಸಾಲು ಹಿಡಿದು ನಿಂತಿವೆ. ಹೊಗೆ ಹೆಚ್ಚು ಉಗುಳಿ ತಯಾರಿಸಿದ ಉಕ್ಕು, ಸಿಮೆಂಟುಗಳಿಗೆ ಐರೋಪ್ಯ ಒಕ್ಕೂಟ ಗಡಿಯಲ್ಲೇ ಶುಲ್ಕ ಹಾಕುವ ಏರ್ಪಾಡು ಮಾಡಿದೆ. ಅದು ಪರಿಸರ ಕಾಳಜಿಯೋ, ಹೊಸ ವೇಷದ ಸುಂಕವೋ? ತೀರ್ಮಾನಿಸಲು ಎಲ್ಲರೂ ಒಪ್ಪುವ ಒಂದು ಪಂಚಾಯಿತಿ ಕಟ್ಟೆ ಬೇಕೇ ಬೇಕು.

ಈ ಬರೆಹಗಾರನ ಅನಿಸಿಕೆಯಲ್ಲಿ ನಮಗೆ ಹಿತವಾದದ್ದು ಮೂರನೆಯದೇ. ಇಂದಿನ ನಿಯಮಗಳು ನಮಗೆ ಅನ್ಯಾಯ ಮಾಡಿವೆ, ನಿಜ. ಆದರೆ ನಿಯಮವೇ ಇಲ್ಲದ ವ್ಯಾಪಾರ ಹೇಗಿತ್ತೆಂಬುದಕ್ಕೆ ಚನ್ನಮ್ಮನ ಸಮಾಧಿಯೇ ಸಾಕ್ಷಿ. ತಕ್ಕಡಿ ವಾಲಿದ್ದರೆ ಮುಳ್ಳನ್ನು ಸರಿಮಾಡಬೇಕು. ತಕ್ಕಡಿಯನ್ನೇ ಮುರಿದರೆ ಕಣ್ಣಳತೆಯಲ್ಲಿ ಕೊಡುವವನು ಉಳ್ಳವನೇ.

ಆ ಕುರ್ಚಿಗೆ ನಮ್ಮೂರಿನವರು

ಕಡೆಯದಾಗಿ ವಿದ್ಯಾರ್ಥಿಗಳಿಗೆ, ಪಾಲಕರಿಗೆ ಒಂದು ಮಾತು. ಡಾಕ್ಟರು, ಎಂಜಿನಿಯರು ಎಂಬ ಎರಡೇ ಬಾಗಿಲು ನಮಗೆ ಗೊತ್ತು. ಮೇಲ್ಮನವಿ ಪೀಠದಲ್ಲಿ ಭಾರತದಿಂದ ಮೊದಲು ಕುಳಿತವರು ಎ.ವಿ. ಗಣೇಶನ್, ಅನಂತರ ಉಜಲ್ ಸಿಂಗ್ ಭಾಟಿಯಾ. ಇಬ್ಬರೂ ಆಡಳಿತ ಸೇವೆಯಿಂದ ಹೋದವರು. 2021ರಲ್ಲಿ ಸಂಸ್ಥೆಯ ಮಹಾನಿರ್ದೇಶಕಿಯಾದ ನೈಜೀರಿಯಾದ ಎನ್‌ಗೋಜಿ ಒಕೊಂಜೊ ಇವೇಲಾ ಅರ್ಥಶಾಸ್ತ್ರ ಓದಿದವರು, ಆ ಹುದ್ದೆಗೇರಿದ ಮೊದಲ ಮಹಿಳೆ, ಮೊದಲ ಆಫ್ರಿಕನ್. ದಿಲ್ಲಿಯಲ್ಲಿ ವಾಣಿಜ್ಯ ಸಂಸ್ಥೆಯ ಅಧ್ಯಯನಕ್ಕೆಂದೇ 1999ರಿಂದ ಒಂದು ಕೇಂದ್ರವಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಹೊಲದ ಲೆಕ್ಕ ಕಲಿಸಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ.

ಜಿನೀವಾದಲ್ಲಿ ಕಬ್ಬಿನ ಬಗ್ಗೆ ವಾದ ಮಾಡುವವರಿಗೆ ಕಾಯಿದೆ ಬರುತ್ತದೆ. ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾಯ್ದ ಮನೆಯಲ್ಲಿ ಬೆಳೆದವರಿಗೆ ಆ ಕಾಯಿದೆಯಿಂದ ಏನಾಗುತ್ತದೆಂದು ಗೊತ್ತಿರುತ್ತದೆ. ಎರಡೂ ಒಬ್ಬರಲ್ಲೇ ಸೇರಿದರೆ? ಹಾಗೆ ಸೇರಿದವರು ನಮ್ಮಲ್ಲಿ ತೀರ ವಿರಳ. ಮನೆಯಲ್ಲಿ ಅಂಥ ಪ್ರಶ್ನೆ ಕೇಳುವ ಮಕ್ಕಳಿದ್ದರೆ ‘ಸುಮ್ಮನ ಓದು’ ಎಂದು ಗದರಬೇಡಿ. ಅದೂ ಓದೇ.

ದಲಾಲಿ ಅಂಗಡಿಯ ಮುಂದೆ ನಿಂತ ಮಗಳು ಕೇಳಿದ್ದು ‘ಮ್ಯಾಲ ಅಂದ್ರ ಎಲ್ಲಿ?’ ಎಂದು. ಈಗ ಅದರ ವಿಳಾಸ ಗೊತ್ತಾಯಿತು. ಅಲ್ಲಿ ಏಳು ಕುರ್ಚಿಗಳು ಖಾಲಿ ಇವೆ. ಅವು ಮತ್ತೆ ತುಂಬುವ ದಿನ ಬಂದಾಗ ದೊಡವಾಡದ ಎರೆಮಣ್ಣು ಮೆಟ್ಟಿ ಬಂದ ಒಬ್ಬರಾದರೂ ಆ ಕಟ್ಟಡದ ಮೆಟ್ಟಿಲು ಹತ್ತಲಿ. ಆಗ ಮುಂದಿನ ಪೀಳಿಗೆಯ ಅಪ್ಪಂದಿರು ‘ಮ್ಯಾಲಿಂದನ ಬಿದ್ದೈತಂತ’ ಎಂದು ಕೈಚೆಲ್ಲಬೇಕಾಗಿಲ್ಲ. ‘ಮ್ಯಾಲೂ ನಮ್ಮವ್ರದಾರ, ಕೇಳೂಣು’ ಎನ್ನಬಹುದು.